ಮರಳಲ್ಲಿ ಒಡೆಯದ ನಿಂಬೆಹಣ್ಣು

ಹೋದ ಶನಿವಾರ ಇಲ್ಲಿ ಟೆಕ್ಸಸ್‌ನ ಮೆಕಿನ್ನಿಯಲ್ಲಿ, ದೇವಸ್ಥಾನದ ಪಾರ್ಕಿಂಗ್ ಲಾಟಿನಲ್ಲಿ ಮಗಳ ಕಾರಿಗೆ ಪೂಜೆ ಮಾಡಿಸಿದೆವು. ಕಾರು ಹೊಸದೇನಲ್ಲ, ನನ್ನ ಗಂಡನ ಆಫೀಸಿನವರೊಬ್ಬರು ಓಡಿಸಿ ಬಿಟ್ಟದ್ದು. ಆದರೆ ಮಗಳ ಲೈಸೆನ್ಸ್ ಹೊಸದು, ನನ್ನ ಭಯವೂ ಹೊಸದು. ಅರ್ಚಕರು ಬಾನೆಟ್ಟಿಗೆ ಅರಿಶಿನ ಕುಂಕುಮ ಹಚ್ಚಿ, ಹಾರ ಹಾಕಿ, ನಾಲ್ಕು ಚಕ್ರಕ್ಕೂ ಒಂದೊಂದು ನಿಂಬೆಹಣ್ಣು ಇಟ್ಟರು. ಮಗಳು ನನ್ನ ಕಡೆ ತಿರುಗಿ "ಅಮ್ಮಾ, ಸೀರಿಯಸ್ಲೀ?" ಅಂದಳು. ಅವಳಿಗೆ ಕನ್ನಡವೆಲ್ಲ ಅರ್ಥವಾಗುತ್ತದೆ, ಬಾಯಿಂದ ಬರುವುದು ಮಾತ್ರ ಇಂಗ್ಲಿಷು. ಸುಮ್ಮನೆ ಮುಂದಕ್ಕೆ ತಗೋ ಅಂದೆ. ಕಾರು ಒಂದು ಮಾರು ಮುಂದೆ ಸರಿಯಿತು, ಹಣ್ಣುಗಳು ಪಚಕ್ಕೆಂದು ಒಡೆದವು. ಬಿಸಿಲಿಗೆ ಕಾದ ಡಾಂಬರಿನ ಮೇಲಿಂದ ನಿಂಬೆಯ ವಾಸನೆ ಗಮ್ಮೆಂದು ಎದ್ದಿತು.

ಅರ್ಚಕರು ಮುಂದಿನ ಕಾರಿನ ಕಡೆ ಹೋದರು. ಗಂಡ ಫೋಟೋ ತೆಗೆಯುವುದರಲ್ಲಿದ್ದರು. ನನಗೆ ಮಾತ್ರ ಅಲ್ಲಿಂದ ಕಾಲು ಕೀಳಲಾಗಲಿಲ್ಲ. ನಿಂಬೆಹಣ್ಣು ಹೀಗೆ ಸಲೀಸಾಗಿ ಒಡೆಯುವುದೂ ಒಂದು ಅದೃಷ್ಟವೇ ಅನ್ನಿಸಿತು. ಎಷ್ಟೋ ವರ್ಷಗಳ ಹಿಂದೆ, ಸಮುದ್ರದ ದಂಡೆಯ ಮೇಲೆ, ಒಡೆಯದೆ ಉಳಿದ ಹಣ್ಣುಗಳು... ಅವನ್ನು ಹೆದರಿದ ಕೈಯಿಂದ ಚಕ್ರದಡಿ ಇಟ್ಟಿದ್ದ ಆಂಟಿ...

ನಮ್ಮ ಮನೆಯಲ್ಲಿ ಅವರಿಗೆ ಚಳಿಗಾಲದ ಆಂಟಿ ಎಂದೇ ಹೆಸರು. ಹಾಗೆ ಕರೆದವಳು ಇದೇ ಮಗಳು. ಆಗ ಅವಳು ಕಾರಿನ ಹಿಂದುಗಡೆ ಮಕ್ಕಳ ಸೀಟಿನಲ್ಲಿ ಕೂರುವಷ್ಟು ಚಿಕ್ಕವಳು.

ಆ ದಿನಗಳಲ್ಲಿ ನಾವು ಹ್ಯೂಸ್ಟನ್ ಪಕ್ಕದ ಕ್ಲಿಯರ್ ಲೇಕ್‌ನಲ್ಲಿದ್ದೆವು. ನನ್ನ ಗಂಡ ಮತ್ತು ಅವರ ಗೆಳೆಯರೊಬ್ಬರು ಸೇರಿ ಬೊಲಿವರ್ ದಂಡೆಯಲ್ಲಿ ಒಂದು ಪುಟ್ಟ ಮನೆ ಕೊಂಡಿದ್ದರು. ಗ್ಯಾಲ್ವೆಸ್ಟನ್ ಊರಿನ ತುದಿಗೆ ಹೋಗಿ, ಕಾರನ್ನು ಫೆರಿಗೆ ಹತ್ತಿಸಿಕೊಂಡು, ನೀರು ದಾಟಿ ತಲುಪಬೇಕಾದ ಜಾಗ ಅದು. ಬಿರುಗಾಳಿಗೆ ನೀರು ನುಗ್ಗೀತೆಂದು ಅಲ್ಲಿನ ಮನೆಗಳನ್ನೆಲ್ಲ ಎತ್ತರದ ಮರದ ಕಂಬಗಳ ಮೇಲೆ ಕಟ್ಟಿರುತ್ತಾರೆ. ಕೊಂಡ ದಿನ ಇಬ್ಬರು ಗಂಡಸರೂ ಬೀಚ್ ಹೌಸ್, ಬೀಚ್ ಹೌಸ್ ಎಂದು ಎದೆಯುಬ್ಬಿಸಿಕೊಂಡು ಓಡಾಡಿದರು. ಆಮೇಲೆ ಹೊದಿಕೆ ಒಗೆಯುವುದು, ನಲ್ಲಿ ರಿಪೇರಿಗೆ ಜನ ಹುಡುಕುವುದು, ಬಾಡಿಗೆಯವರ ಫೋನು, ಎಲ್ಲ ನನ್ನ ತಲೆಗೆ ಬಂತು. ಬೇಸಿಗೆಯಲ್ಲಿ ಜನ ಮುಗಿಬಿದ್ದು ಕೇಳುತ್ತಿದ್ದ ಮನೆಯ ಕಡೆ ನವೆಂಬರ್ ಬಂದರೆ ಯಾರೂ ತಲೆ ಹಾಕುತ್ತಿರಲಿಲ್ಲ. ಆಗ ಬರುವವರೆಂದರೆ ಉತ್ತರದ ಹಿಮದಿಂದ ತಪ್ಪಿಸಿಕೊಂಡು ಬರುವ, ರಿಟೈರ್ ಆದ ಅಜ್ಜ ಅಜ್ಜಿಯರು. ಅಯೋವಾ, ವಿಸ್ಕಾನ್ಸಿನ್, ಕೆನಡಾ ಕಡೆಯಿಂದ ಕ್ರಿಸ್‌ಮಸ್ ಮುಗಿಸಿಕೊಂಡು ಬಂದು, ಅಲ್ಲಿ ಹಿಮ ಕರಗುವ ಹೊತ್ತಿಗೆ ವಾಪಸ್ ಹೊರಡುತ್ತಾರೆ. ಇಲ್ಲಿಯವರು ಅವರನ್ನು ವಿಂಟರ್ ಟೆಕ್ಸನ್ ಎನ್ನುತ್ತಾರೆ.

ಹಾಗೆ ಮಿನ್ನೆಸೋಟಾದಿಂದ ಒಂದು ಫೋನ್ ಬಂತು. ಆ ಕಡೆಯ ಹೆಂಗಸು ಇಂಗ್ಲಿಷಿನಲ್ಲಿ ಒಲೆ ಎಂಥದು, ಮೆಟ್ಟಿಲಿಗೆ ಹಿಡಿಕೆ ಇದೆಯೇ ಎಂದೆಲ್ಲ ವಿಚಾರಿಸಿ, ಕೊನೆಗೆ ನನ್ನ ಹೆಸರು ಕೇಳಿದರು. ಆಮೇಲೆ, "ನೀವು ಕನ್ನಡದವರೇನ್ರಿ? ಹಂಗಾರ ನಾ ಯಾಕ ಇಷ್ಟೊತ್ತು ತ್ರಾಸ ಪಟ್ಟೆ" ಅಂದರು. ಧಾರವಾಡದ ಕಡೆಯವರು. ಆ ಚಳಿಗಾಲ ಗಂಡ ಹೆಂಡತಿ ಇಬ್ಬರೇ, ಹಿಮದ ಕೊಳೆ ಮೆತ್ತಿದ ಹಳೆಯ ಕಾರಿನಲ್ಲಿ, ದಾರಿಯಲ್ಲಿ ಅಲ್ಲಲ್ಲಿ ತಂಗುತ್ತ ಬಂದಿಳಿದರು.

ನಾವು ಟೆಕ್ಸಸ್‌ನವರು ಸ್ವೆಟರ್ ಮೇಲೆ ಜಾಕೆಟ್ ಹಾಕಿಕೊಂಡು ನಡುಗುವ ಜನವರಿಯಲ್ಲಿ ಆಂಟಿ ತೆಳ್ಳನೆಯ ಹತ್ತಿ ಸೀರೆಯುಟ್ಟು, ಕಾಲಿಗೆ ಬಿಳಿ ಸ್ನೀಕರ್ಸ್ ಹಾಕಿಕೊಂಡು ಮರಳಿನ ಮೇಲೆ ಓಡಾಡುತ್ತಿದ್ದರು. ದಂಡೆಯಲ್ಲಿ ನರಪಿಳ್ಳೆ ಇರುತ್ತಿರಲಿಲ್ಲ. ಐಸ್‌ಕ್ರೀಮ್ ಅಂಗಡಿಗೆ ಹಲಗೆ ಬಡಿದಿರುತ್ತಿತ್ತು. ಬೆಳಗ್ಗೆ ಮಂಜು, ಮಧ್ಯಾಹ್ನ ತೆಳು ಬಿಸಿಲು, ಸಾಲಾಗಿ ತೇಲಿಹೋಗುವ ಪೆಲಿಕನ್ ಹಕ್ಕಿಗಳು. ನೀರಂತೂ ಅಲ್ಲಿ ನೀಲಿಯಲ್ಲ, ಹಾಲು ಕಡಿಮೆ ಹಾಕಿದ ಕಾಫಿಯ ಬಣ್ಣ. ನಾನು ಅದಕ್ಕೆ ಮೂಗು ಮುರಿದರೆ ಆಂಟಿ ಒಪ್ಪುತ್ತಿರಲಿಲ್ಲ. ಒಗೆದ ಬಟ್ಟೆಯನ್ನು ಹೊರಗೆ ಹಗ್ಗದ ಮೇಲೆ ಹರವುವುದೇ ಅವರಿಗೊಂದು ಸಂಭ್ರಮ. "ಅಲ್ಲೆ ಜನವರಿಯಾಗ ಬಟ್ಟಿ ಹೊರಗ ಹಾಕಿದ್ರ ಹಲಗಿ ಆಗ್ತಾವ ತಂಗಿ. ಇಲ್ಲೆ ನೋಡು, ಹೆಂಗ ಹಾರಾಡ್ತಾವ" ಎನ್ನುತ್ತಿದ್ದರು.

ಅವರು ಮಿನ್ನೆಸೋಟಾದಲ್ಲಿ ಒಂದು ಶಾಲೆಯ ಅಡುಗೆಮನೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ್ದರು. ಕತ್ತಲಿರುವಾಗಲೇ ಎದ್ದು, ಬಸ್ ಸ್ಟಾಪಿನ ಹಿಮದಲ್ಲಿ ನಿಂತು, ಬಸ್ಸಿನಲ್ಲೇ ಹೋಗಿ ಬಂದವರು. ಅಂಕಲ್ ಸೇತುವೆ ಕಟ್ಟುವ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದರು. ಮಾತು ಕಡಿಮೆ. ಕಂಬದ ಮೇಲಿನ ಆ ಮನೆಯ ವರಾಂಡದಲ್ಲಿ ಕುರ್ಚಿ ಹಾಕಿಕೊಂಡು ಸಮುದ್ರದ ಕಡೆ ಮುಖ ಮಾಡಿ ಕೂತರೆ ಊಟಕ್ಕೆ ಕರೆಯುವವರೆಗೆ ಏಳುತ್ತಿರಲಿಲ್ಲ. ರಿಟೈರ್ ಆದ ಗಂಡಸರಿಗೆ ಕೂರುವುದೇ ಒಂದು ಕೆಲಸ ಎಂದು ನಾನು ನನ್ನಷ್ಟಕ್ಕೆ ನಗುತ್ತಿದ್ದೆ.

ಆ ಮೊದಲ ಚಳಿಗಾಲದಲ್ಲೇ ಒಂದು ದಿನ ಇಬ್ಬರೂ ಸಾಮಾನು ಕೊಳ್ಳಲು ಕ್ಲಿಯರ್ ಲೇಕಿಗೆ ಬಂದಿದ್ದರು. ಬೀಚಿನ ಮನೆಯ ವಾಟರ್ ಹೀಟರ್ ಕೆಟ್ಟಿತ್ತು, ನನ್ನ ಕಾರು ರಿಪೇರಿಗೆ ಹೋಗಿತ್ತು. ಹೇಗೂ ನೀವು ವಾಪಸ್ ಹೋಗುತ್ತೀರಲ್ಲ ಎಂದು ಮಗಳನ್ನು ಕರೆದುಕೊಂಡು ಅವರ ಕಾರಿನಲ್ಲೇ ಹೊರಟೆ. ಸಂಜೆ ಗಂಡ ಬಂದು ಕರೆದೊಯ್ಯುವುದೆಂದು ಮಾತಾಗಿತ್ತು.

ಅಂಕಲ್ ಕಾರು ಸ್ಟಾರ್ಟ್ ಮಾಡಿದ್ದೇ ತಡ, ಪಕ್ಕದಲ್ಲಿ ಕೂತ ಆಂಟಿಯ ಮಾತೂ ಸ್ಟಾರ್ಟ್ ಆಯಿತು. "ಎಡಕ್ಕ ಬಿಳಿ ಟ್ರಕ್ ಬಂತು. ಮುಂದ ಕೆಂಪು ಅದ, ಸಾವಕಾಶ. ಈಗ ಹಸರು ಬಿತ್ತು, ನಡೀರಿ." ಒಂದೇ ಸಮನೆ, ಏರಿಳಿತವಿಲ್ಲದ ದನಿ. ಅಂಕಲ್ ತಾಳ್ಮೆ ದೊಡ್ಡದು ಅಂದುಕೊಂಡೆ. ನಾನು ಹೀಗೆ ಹೇಳುತ್ತ ಕೂತರೆ ನನ್ನ ಗಂಡ ಮೊದಲನೇ ಸಿಗ್ನಲ್ಲಿನಲ್ಲೇ ಇಳಿಸಿಬಿಡುತ್ತಿದ್ದರು.

ಸ್ವಲ್ಪ ದೂರ ಹೋದ ಮೇಲೆ ಮಗಳ ಕೈಯಲ್ಲಿದ್ದ ನೀರಿನ ಬಾಟಲಿ ಮುಂದಿನ ಸೀಟಿನ ಅಡಿಗೆ ಉರುಳಿತು. ಅವಳು ರಾಗ ತೆಗೆದಳು. ಆಂಟಿ ಬಗ್ಗಿ, ಬಾಟಲಿ ಎತ್ತಿ, ಹಿಂದಕ್ಕೆ ತಿರುಗಿ ಕೊಡುವಷ್ಟು ಹೊತ್ತು ಅವರ ಮಾತು ನಿಂತಿತು. ಎದುರಿಗೆ ಸಾಲುಸಾಲು ಕಾರುಗಳ ಹಿಂದಿನ ಕೆಂಪು ದೀಪ ಹೊತ್ತಿಕೊಂಡವು. ನಮ್ಮ ಕಾರು ಮಾತ್ರ ಇದ್ದ ವೇಗದಲ್ಲೇ ಹೋಗುತ್ತಿತ್ತು. ನಾನು ಮಗಳ ಸೀಟನ್ನು ಎರಡೂ ಕೈಯಿಂದ ಹಿಡಿದುಕೊಂಡೆ. ಆಂಟಿ ಮುಂದೆ ತಿರುಗಿದವರೇ "ನಿಲ್ಲಸ್ರಿ" ಅಂದರು. ಅಂಕಲ್ ಬ್ರೇಕ್ ತುಳಿದರು. ಟೈರು ಕಿರುಚಿ, ಮುಂದಿನ ಕಾರಿಗೆ ಇನ್ನೇನು ತಾಗಬೇಕು ಅನ್ನುವಲ್ಲಿ ನಿಂತಿತು.

ಆಗ ನನಗೆ ಅರ್ಥವಾಯಿತು. ಆ ಕಾರನ್ನು ಇಬ್ಬರು ಸೇರಿ ಓಡಿಸುತ್ತಿದ್ದರು. ಕೈಕಾಲು ಅಂಕಲ್‌ದು, ಕಣ್ಣು ಆಂಟಿಯದು. ಮಿನ್ನೆಸೋಟಾದಿಂದ ಅಷ್ಟು ದೂರವೂ ಹಾಗೆಯೇ ಬಂದಿದ್ದರು.

ಮುಂದೆ ಒಂದು ಗ್ಯಾಸ್ ಸ್ಟೇಷನ್ನಿನಲ್ಲಿ ನಿಲ್ಲಿಸಲು ಹೇಳಿ ನಾನೇ ಸ್ಟಿಯರಿಂಗ್ ಹಿಡಿದೆ. ಅಂಕಲ್ ಹಿಂದೆ ಬಂದು ಮಗುವಿನ ಪಕ್ಕ ಕೂತರು. ಫೆರಿ ಹತ್ತಿದ ಮೇಲೆ ಅವರು ಇಳಿದು ಕಟಕಟೆ ಹಿಡಿದು ನೀರಿನ ಕಡೆ ನೋಡುತ್ತ ನಿಂತರು. ನಾನು ಆಂಟಿಯನ್ನು ತರಾಟೆಗೆ ತೆಗೆದುಕೊಂಡೆ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು, ಮೇಲಾಗಿ ನನ್ನ ಮಗು ಕೂತಿದ್ದ ಕಾರು. "ಇನ್ನೊಂದ್ಸಲ ಅಂಕಲ್ ಡ್ರೈವ್ ಮಾಡಿದ್ರೆ ನಿಮ್ಮ ಮಗನಿಗೆ ನಾನೇ ಫೋನ್ ಮಾಡ್ತೀನಿ ಆಂಟಿ" ಅಂದುಬಿಟ್ಟೆ.

ಆಂಟಿ ಕೋಪಿಸಿಕೊಳ್ಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ಅಂಕಲ್ ಬೆನ್ನಿನ ಕಡೆ ನೋಡುತ್ತ ಹೇಳಿದರು. ಕಣ್ಣಿನ ನಡುಭಾಗ ಮಸುಕಾಗುತ್ತ ಬಂದಿದೆ, ವಾಸಿಯಾಗುವಂಥದಲ್ಲ, ನಿಧಾನಕ್ಕೆ ಪೂರ್ತಿ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರಂತೆ. ಎದುರಿಗಿರುವವರ ಮುಖ ನೋಡಿದರೆ ಮುಖವಿರುವ ಕಡೆಯೇ ಏನೂ ಇರುವುದಿಲ್ಲ, ಸುತ್ತಲಿನದು ಮಾತ್ರ ಕಾಣುತ್ತದೆ. ಓದಲಾಗುವುದಿಲ್ಲ, ಟೀವಿ ಆಗುವುದಿಲ್ಲ. "ಇಲ್ಲೆ ಬಂದು ಕೂತ ಮ್ಯಾಲೆ ಒಂದ ದಿನ ಅಂದ್ರು, ಸಮುದ್ರಕ್ಕ ನಡು ಅಂತ ಇಲ್ಲ ನೋಡು, ಅದಕ್ಕ ಇದೊಂದು ನನಗ ಪೂರ್ತಿ ಕಾಣಸ್ತದ ಅಂತ."

ಕೂರುವುದೇ ಒಂದು ಕೆಲಸ ಎಂದು ನಕ್ಕಿದ್ದೆನಲ್ಲ...

ಆಸ್ಟಿನ್‌ನಲ್ಲಿದ್ದ ಅವರ ಮಗನಿಗೆ ಅಷ್ಟಿಷ್ಟು ಅನುಮಾನ ಬಂದಿತ್ತು. ತಿಂಗಳ ಕೊನೆಗೆ ಬಂದು ಇಬ್ಬರನ್ನೂ ಆಸ್ಟಿನ್‌ಗೆ ಕರೆದುಕೊಂಡು ಹೋಗುತ್ತೇನೆ, ಕಾರು ಮಾರಿಬಿಡುತ್ತೇನೆ, ವಯಸ್ಸಾದವರ ಅಪಾರ್ಟ್‌ಮೆಂಟ್ ಒಂದನ್ನು ನೋಡಿದ್ದೇನೆ ಎಂದು ಫೋನಿನಲ್ಲಿ ಹೇಳಿದ್ದ. ತಪ್ಪೇನೂ ಇರಲಿಲ್ಲ. ಬೊಲಿವರ್‌ನಲ್ಲಿ ಕಾರಿಲ್ಲದೆ ಬದುಕುವ ಹಾಗಿಲ್ಲ. ಡಾಕ್ಟರು, ಔಷಧಿ, ಸೊಪ್ಪು ತರಕಾರಿ, ಎಲ್ಲದಕ್ಕೂ ನೀರು ದಾಟಿ ಹೋಗಬೇಕು. ಅಂಕಲ್ ಕಣ್ಣಲ್ಲಿ ಉಳಿದಿದ್ದ ಬೆಳಕನ್ನು ಸಮುದ್ರದೆದುರು ಕಳೆಯುವುದೋ ಅಪಾರ್ಟ್‌ಮೆಂಟಿನ ಗೋಡೆಯೆದುರೋ ಎಂಬುದು ಆ ಕಾರಿನ ಮೇಲೆ ನಿಂತಿತ್ತು.

"ನೀವು ಕಲೀಬಹುದಿತ್ತು ಆಂಟಿ" ಅಂದೆ. ಅವರು ಪರ್ಸಿನಿಂದ ಒಂದು ಕಾರ್ಡು ತೆಗೆದು ನನ್ನ ಕೈಗಿತ್ತರು. ಮಿನ್ನೆಸೋಟಾದ ಡ್ರೈವಿಂಗ್ ಲೈಸೆನ್ಸ್. ಅವಧಿ ಇನ್ನೂ ಇತ್ತು.

ಮದುವೆಯಾಗಿ ಬಂದ ಹೊಸದರಲ್ಲೇ ಕಲಿತು ಪಾಸಾಗಿದ್ದರಂತೆ. ಮೊದಲ ಚಳಿಗಾಲದಲ್ಲಿ, ಹಿಮ ಗಟ್ಟಿಯಾದ ರಸ್ತೆಯಲ್ಲಿ ಕಾರು ಜಾರಿ, ಗಿರ್ರೆಂದು ಸುತ್ತು ತಿರುಗಿ, ರಸ್ತೆ ಪಕ್ಕದ ಹಿಮದ ರಾಶಿಗೆ ಹೋಗಿ ಸಿಕ್ಕಿಕೊಂಡಿತ್ತು. ಯಾರಿಗೂ ಏನೂ ಆಗಿರಲಿಲ್ಲ. ಇನ್ನು ನೀನು ಕಾರು ಮುಟ್ಟುವುದು ಬೇಡ, ನಾನಿದ್ದೇನಲ್ಲ ಎಂದು ಅಂಕಲ್ ಹೇಳಿದರು. ಆಂಟಿ ಮುಟ್ಟಲಿಲ್ಲ. ಲೈಸೆನ್ಸನ್ನು ಮಾತ್ರ, ಗುರುತಿನ ಕಾರ್ಡಾಗಿ ಬೇಕಾಗುತ್ತದೆಂದು, ತಪ್ಪದೆ ರಿನ್ಯೂ ಮಾಡಿಸುತ್ತ ಬಂದರು. ಹಾಗೆ ಲೈಸೆನ್ಸ್ ಪರ್ಸಿನಲ್ಲಿಟ್ಟುಕೊಂಡು ಬಸ್ಸಿಗೆ ಕಾಯುವ ನಮ್ಮ ಹೆಂಗಸರನ್ನು ನಾನು ಈ ದೇಶದಲ್ಲಿ ಬೇಕಾದಷ್ಟು ನೋಡಿದ್ದೇನೆ.

ಬೊಲಿವರ್‌ನಲ್ಲಿ ಮರಳಿನ ಮೇಲೇ ಕಾರು ಓಡಿಸಬಹುದು. ಬೇಸಿಗೆಯಲ್ಲಿ ಅಲ್ಲಿ ಕಾರುಗಳ ಜಾತ್ರೆ, ಚಳಿಗಾಲದಲ್ಲಿ ಖಾಲಿ ಮೈದಾನ. ಡ್ರೈವಿಂಗ್ ಕಲಿಯುವವರಿಗೆ ಇದಕ್ಕಿಂತ ಜಾಗ ಬೇಕೇ. ಅದನ್ನು ನಾನು ಆ ಸಂಜೆ ಅಡುಗೆಮನೆಯಲ್ಲಿ ಹೇಳಿದಾಗ ಆಂಟಿ ನಕ್ಕರು, ಆಮೇಲೆ ನಗು ನಿಲ್ಲಿಸಿ ವರಾಂಡದ ಕಡೆ ನೋಡಿದರು. ಅಂಕಲ್‌ಗೆ ಎಲ್ಲ ಕೇಳಿಸುತ್ತಿತ್ತು. ಅವರು ಎದ್ದು, ಗೋಡೆ ಹಿಡಿದುಕೊಂಡು ಒಳಗೆ ಬಂದು, ಕಾರಿನ ಕೀಲಿಯನ್ನು ಆಂಟಿಯ ಕಾಫಿ ಲೋಟದ ಪಕ್ಕ ಇಟ್ಟರು. "ನಾಳೆ ಮುಂಜಾನೆ ನೀರು ಇಳಿದಿರ್ತದ. ಮರಳು ಗಟ್ಟಿ ಇರ್ತದ" ಎಂದಷ್ಟೇ ಹೇಳಿ ಮಲಗುವ ಕೋಣೆಗೆ ಹೋದರು.

ನಾನು ಗಂಡನಿಗೆ ಫೋನ್ ಮಾಡಿ ಬರಬೇಡಿ ಅಂದು, ಮಗಳೊಂದಿಗೆ ಅಲ್ಲೇ ಉಳಿದೆ. ಬೆಳಗ್ಗೆ ಎದ್ದು ನೋಡಿದರೆ ಆಂಟಿ ಆಗಲೇ ತಲೆಗೆ ಸ್ನಾನ ಮಾಡಿ, ಜರಿಯಂಚಿನ ಸೀರೆಯುಟ್ಟು ತಯಾರಾಗಿದ್ದರು. ಕಾರನ್ನು ನಾನೇ ದಂಡೆಗೆ ಇಳಿಸಿ ನಿಲ್ಲಿಸಿದೆ. ಆಂಟಿ ಬಾನೆಟ್ಟಿಗೆ ಕುಂಕುಮವಿಟ್ಟು, ಊದಿನಕಡ್ಡಿ ಹಚ್ಚಲು ಹೋಗಿ ಗಾಳಿಗೆ ಸೋತು, ಕೈಮುಗಿದು, ಪ್ಲಾಸ್ಟಿಕ್ ಚೀಲದಿಂದ ನಾಲ್ಕು ನಿಂಬೆಹಣ್ಣು ತೆಗೆದು ಚಕ್ರಗಳ ಮುಂದೆ ಒಂದೊಂದಾಗಿ ಇಟ್ಟರು. ಕಲಿಯುವವರಿಗೂ ಕಾರಿಗೂ ಇದರಿಂದ ಏನು ಲಾಭ ಎಂದು ನನ್ನ ನಾಲಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಪಕ್ಕದ ಸೀಟಿನಲ್ಲಿ ನಾನು ಕೂತೆ. ಅಂಕಲ್ ಮಗಳ ಕೈ ಹಿಡಿದು ದೂರ ನಿಂತರು.

ಆಂಟಿ ಸ್ಟಾರ್ಟ್ ಮಾಡಿದರು. ಬ್ರೇಕಿನಿಂದ ಕಾಲನ್ನು ಕೂದಲೆಳೆಯಷ್ಟು ಎತ್ತಿದರು. ಕಾರು ಮುಂದೆ ಸರಿಯಿತು, ನಿಂತಿತು. ಏನೂ ಸದ್ದಾಗಲಿಲ್ಲ. ಆಂಟಿ ಬಾಗಿಲು ತೆಗೆದು ಇಳಿದು ಹಿಂದೆ ನೋಡಿದರು. ಹಣ್ಣುಗಳು ಇದ್ದ ಜಾಗದಲ್ಲಿ ಹಣ್ಣೂ ಇಲ್ಲ, ಸಿಪ್ಪೆಯೂ ಇಲ್ಲ. ಒದ್ದೆ ಮರಳು ನಾಲ್ಕನ್ನೂ ಇಡಿಯಾಗಿ ನುಂಗಿಕೊಂಡಿತ್ತು.

ಅವರ ಮುಖ ಬಿಳಿಚಿಕೊಂಡಿತು. "ಒಡೀಲಿಲ್ಲ" ಅಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿ ಕಾರಿನಿಂದ ಎರಡು ಹೆಜ್ಜೆ ಹಿಂದೆ ಸರಿದರು. "ಬ್ಯಾಡ ತಂಗಿ. ದೇವರಿಗೆ ಮನಸ್ಸಿಲ್ಲ."

ಕೆಳಗೆ ಮೆತ್ತಗಿದ್ದರೆ ಹಣ್ಣು ಹೇಗೆ ಒಡೆಯುತ್ತದೆ, ಮರಳಿನ ಮೇಲೆ ನಿಂಬೆಹಣ್ಣು ಇಡುವವರು ಯಾರಾದರೂ ಇದ್ದಾರೆಯೇ ಎಂದು ನಾನು ಮೇಷ್ಟ್ರ ಥರ ಶುರು ಮಾಡಿದೆ. ಅವರ ಕಿವಿಗೆ ಅದು ಬೀಳಲೇ ಇಲ್ಲ. ಮನೆಯ ಕಡೆ ಹೊರಟೇಬಿಟ್ಟಿದ್ದರು. ಆಗ ಅಂಕಲ್ ಮಗಳ ಕೈ ಬಿಟ್ಟು ನಿಧಾನವಾಗಿ ಬಂದು, ಕಾರಿನ ಮೈ ಸವರುತ್ತ ಹಿಂದಿನ ಚಕ್ರದ ಬಳಿ ಮಂಡಿಯೂರಿದರು. ಬೆರಳಿನಿಂದ ಮರಳು ಕೆದಕಿ ಒಂದು ಹಣ್ಣು ತೆಗೆದರು. ಅಂಗಿಯ ತುದಿಯಿಂದ ಒರೆಸಿದರು. ಹಾಗೆಯೇ ಇನ್ನೊಂದು, ಮತ್ತೊಂದು. ಮಗಳಿಗೆ ಅದೊಂದು ಆಟವಾಯಿತು, ನಾಲ್ಕನೆಯದನ್ನು ಅವಳೇ ಅಗೆದು ತೆಗೆದಳು. ಅಂಕಲ್ ನಾಲ್ಕನ್ನೂ ಬೊಗಸೆಯಲ್ಲಿ ಹಿಡಿದು, ಆಂಟಿಯ ಮುಖವಿರಬೇಕಾದ ಕಡೆಗೆ ನೋಡುತ್ತ ಹೇಳಿದರು. "ನಾ ಆಗಿದ್ರ ಜಜ್ಜಿಹೋಗ್ತಿದ್ವು. ಒಂದಕ್ಕೂ ಗೀರು ಬೀಳಲಾರದಂಗ ಓಡಿಸೀದಿ. ಗಾಡಿ ಹತ್ತು."

ಆಂಟಿ ಅವರನ್ನೇ ನೋಡುತ್ತ ನಿಂತರು. ಅಷ್ಟು ವರ್ಷ ಕಾರು ಮುಟ್ಟಬೇಡ ಎಂದಿದ್ದ ಬಾಯಿಂದಲೇ ಆ ಮಾತು ಬಂದಿತ್ತು. ಆಮೇಲೆ ಕಣ್ಣೊರೆಸಿಕೊಂಡು ಬಂದು ಸೀಟಿನಲ್ಲಿ ಕೂತರು. ಸೀಟ್‌ಬೆಲ್ಟ್ ಸರಿಯಾಗಿ ಹಾಕಿಕೊಳ್ಳಿ ಎಂದು ನಾನು ಗದರಿಸಿದೆ.

ಚಕ್ರದಡಿ ಇಟ್ಟ ನಿಂಬೆಹಣ್ಣನ್ನು ನಮ್ಮಲ್ಲಿ ಯಾರೂ ತಿನ್ನುವುದಿಲ್ಲ, ಮುಟ್ಟುವುದೂ ಇಲ್ಲ. ಅಂಕಲ್ ಮಾತ್ರ ಒಡೆಯದ ಹಣ್ಣಿಗೆ ಆ ನಿಯಮವಿಲ್ಲ ಎಂದು ಪಟ್ಟು ಹಿಡಿದು ಮಧ್ಯಾಹ್ನ ಚಿತ್ರಾನ್ನ ಮಾಡಿಸಿದರು. ನನ್ನ ಅಮ್ಮ ಕೇಳಿದ್ದರೆ ಎದೆ ಒಡೆದುಕೊಳ್ಳುತ್ತಿದ್ದರು. ನಾವೆಲ್ಲ ಎರಡೆರಡು ಸಲ ಹಾಕಿಸಿಕೊಂಡು ತಿಂದೆವು. ಅಲ್ಲೊಂದು ಇಲ್ಲೊಂದು ಮರಳಿನ ಕಣ ಹಲ್ಲಿಗೆ ಸಿಗುತ್ತಿತ್ತು.

ಆಮೇಲಿನ ವಾರಗಳಲ್ಲಿ ಬಿಡುವಾದಾಗೆಲ್ಲ ನಾನು ಫೆರಿ ಹತ್ತಿ ಹೋಗುತ್ತಿದ್ದೆ. ತೀರಾ ಒದ್ದೆಯಿರುವ ಕಡೆ ಕಾರಿನ ಹಿಂಭಾಗ ಜಾರಿದರೆ ಆಂಟಿ ಮೊದಮೊದಲು ಕಣ್ಣು ಮುಚ್ಚಿಬಿಡುತ್ತಿದ್ದರು. ಹಿಮದ ರಸ್ತೆಯೇ ಕಣ್ಣೆದುರು ಬರುತ್ತಿತ್ತಂತೆ. ಇಲ್ಲಿ ಜಾರಿದರೆ ಡಿಕ್ಕಿ ಹೊಡೆಯಲು ಏನಿದೆ ಎಂದು ನಾನು ಹೇಳುತ್ತಿದ್ದೆ. ಇದ್ದದ್ದು ಒಬ್ಬ ಅಯೋವಾ ಅಜ್ಜ. ಮರಳಲ್ಲಿ ಯಾರೋ ಕಳೆದುಕೊಂಡ ಉಂಗುರ ನಾಣ್ಯ ಹುಡುಕುವ ಯಂತ್ರ ಹಿಡಿದು ಓಡಾಡುತ್ತಿದ್ದವರು, ಆಂಟಿಯ ಕಾರು ಕಂಡರೆ ಸಾವಧಾನವಾಗಿ ಹುಲ್ಲಿನ ದಿಬ್ಬ ಹತ್ತಿ ನಿಂತು ಟೋಪಿ ಎತ್ತುತ್ತಿದ್ದರು. ಆಂಟಿಗೆ ಕ್ರಮೇಣ ಕಾರು ಜಾರಿದಾಗ ಅದರ ಜೊತೆಗೇ ಸ್ಟಿಯರಿಂಗ್ ತಿರುಗಿಸಿ ಸರಿಮಾಡಿಕೊಳ್ಳುವುದು ಬಂತು. "ಆವತ್ತು ಹಿಮದಾಗ ಇಷ್ಟ ಮಾಡಿದ್ರ ಸಾಕಿತ್ತು ನೋಡು" ಎಂದು ಒಮ್ಮೆ ಅಂದರು. ಆಮೇಲೆ ಓಣಿಗೆ ಬಂದರು, ಓಣಿಯಿಂದ ದೊಡ್ಡ ರಸ್ತೆಗೆ, ಕೊನೆಗೆ ಫೆರಿಯ ಇಳಿಜಾರಿಗೆ.

ತಿಂಗಳ ಕೊನೆಗೆ ಮಗ ಬಂದ. ಗೆಳೆಯನ ಕಾರಿನಲ್ಲಿ ಹ್ಯೂಸ್ಟನ್‌ವರೆಗೆ ಬಂದವನನ್ನು ಬೀಚಿಗೆ ಕರೆತಂದವಳು ನಾನೇ. ಒಳ್ಳೆಯ ಹುಡುಗ, ಅಪ್ಪ ಅಮ್ಮನ ಚಿಂತೆಯಲ್ಲಿ ನಿದ್ದೆಗೆಟ್ಟ ಮುಖ. ದಾರಿಯುದ್ದಕ್ಕೂ ಆ ಅಪಾರ್ಟ್‌ಮೆಂಟಿನಲ್ಲಿ ಏನೇನು ಅನುಕೂಲವಿದೆ ಎಂದು ಇಂಗ್ಲಿಷಿನಲ್ಲಿ ಹೇಳುತ್ತಿದ್ದ. ನಾನು ಬಾಯಿಗೆ ಬೀಗ ಹಾಕಿಕೊಂಡು ಕೇಳಿಸಿಕೊಂಡೆ. ಮನೆಗೆ ಬಂದವನೇ ಸೂಟ್‌ಕೇಸುಗಳೆಲ್ಲಿ ಎಂದು ಕೇಳಿದ. "ಅದೆಲ್ಲ ಆಮ್ಯಾಲೆ. ಕಾಯಿಪಲ್ಯ ಮುಗದದ, ಆಚೆ ದಂಡಿಗೆ ಹೋಗಿ ತರೂಣು ಬಾ" ಎಂದು ಆಂಟಿ ಮೆಟ್ಟಿಲಿಳಿದು ಹೋಗಿ ಡ್ರೈವರ್ ಸೀಟಿನಲ್ಲಿ ಕೂತರು. ಅಂಕಲ್ ಪಕ್ಕದಲ್ಲಿ ಕೂತರು. ಹಿಂದೆ ಅವನು ಮತ್ತು ನಾನು.

ಅವನು ಬಾಗಿಲ ಹಿಡಿಕೆಯನ್ನು ಬಿಗಿಯಾಗಿ ಹಿಡಿದು ಕೂತಿದ್ದ. ಕಾರು ಓಣಿ ದಾಟಿ, ರಸ್ತೆಗೆ ಬಂದು, ಫೆರಿಯ ಸಾಲಿನಲ್ಲಿ ನಿಂತಿತು. ಕಿತ್ತಳೆ ಅಂಗಿಯ ಕೆಲಸಗಾರ ಕೈಬೀಸಿದಾಗ ಆಂಟಿ ಇಳಿಜಾರು ಇಳಿಸಿ, ಒಂದು ಮೀನಿನ ಟ್ರಕ್ಕಿನ ಹಿಂದೆ ಒಂದು ಮೊಳ ಜಾಗ ಬಿಟ್ಟು ನಿಲ್ಲಿಸಿದರು. ಇಂಜಿನ್ ಆರಿಸಿ, ಅಂಗೈಯನ್ನು ಸೆರಗಿಗೆ ಒರೆಸಿಕೊಂಡರು. ಮಗ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅಂಕಲ್, ಇದು ಎಂದಿನ ವಾಡಿಕೆ ಎಂಬಂತೆ, "ಈಗ ಏನೇನು ಕಾಣಸ್ತದ?" ಎಂದು ಕೇಳಿದರು.

ಆಂಟಿ ಹೇಳತೊಡಗಿದರು. ಅದೇ ಏರಿಳಿತವಿಲ್ಲದ ದನಿ. "ಮುಂದ ಮೀನಿನ ಗಾಡಿ ಅದ. ಅದರ ಮ್ಯಾಲೆ ಬೆಳ್ಳಕ್ಕಿ ಕೂತಾವ, ಒಂದಕ್ಕ ಕಾಲು ಊನ. ಬಲಕ್ಕ ಪೆಲಿಕನ್ ಸಾಲು ಹೊಂಟದ, ನೀರಿಗೆ ಹೊಟ್ಟಿ ತಾಗೂವಷ್ಟು ಕೆಳಗ..." ಅಂಕಲ್ ಕಣ್ಣು ಮುಚ್ಚಿಕೊಂಡು ತಲೆಯಾಡಿಸುತ್ತಿದ್ದರು. ಮಗ ಅಪ್ಪನನ್ನು ನೋಡಿದ, ಅಮ್ಮನನ್ನು ನೋಡಿದ. ಅಪ್ಪನಿಗೆ ಎಷ್ಟು ಕಾಣುವುದಿಲ್ಲ ಎಂಬುದು ಅವನಿಗೆ ಆ ಗಳಿಗೆಯಲ್ಲಿ ತಿಳಿಯಿತು ಅನ್ನಿಸುತ್ತದೆ. ಬಾಗಿಲು ತೆಗೆದು ಇಳಿದು ಹೋಗಿ, ಕಟಕಟೆಯ ಬಳಿ ನಮಗೆ ಬೆನ್ನು ಮಾಡಿ ನಿಂತ. ಆಚೆ ದಂಡೆ ಹತ್ತಿರವಾದಾಗ ವಾಪಸ್ ಬಂದು, ಕಿಟಕಿಯಿಂದ ತಲೆ ಒಳಗೆ ಹಾಕಿ, ತಡವರಿಸುವ ಕನ್ನಡದಲ್ಲಿ ಕೇಳಿದ. "ಅಮ್ಮ, ಏನ್ ತರಬೇಕು? ಕಾಯಿಪಲ್ಯ... ಲಿಸ್ಟ್ ಹೇಳು."

ಸೂಟ್‌ಕೇಸುಗಳು ಆ ದಿನ ಮಂಚದ ಕೆಳಗೇ ಉಳಿದವು. ಮಗ ಒಬ್ಬನೇ ಬಸ್ ಹತ್ತಿ ಆಸ್ಟಿನ್‌ಗೆ ಹೋದ.

ಅದಾದ ಮೇಲೂ ಕೆಲವು ಚಳಿಗಾಲ ಅವರು ಬಂದರು. ಮಿನ್ನೆಸೋಟಾದಿಂದ ಹೋಗಿಬರುವ ದೂರದ ದಾರಿಯಲ್ಲಿ ಮಗ ಅರ್ಧ, ಆಂಟಿ ಅರ್ಧ. ಅಂಕಲ್ ಕಣ್ಣಲ್ಲಿ ಉಳಿದಿದ್ದ ಬೆಳಕು ಬರಬರುತ್ತ ಕಡಿಮೆಯಾಯಿತು, ಕೊನೆಗೆ ಸಮುದ್ರವೂ ಹೋಯಿತು. ಆದರೂ ಬರುವುದು ನಿಲ್ಲಲಿಲ್ಲ. ಮೊದಲು ಅಂಕಲ್ ಕಾರು ಓಡಿಸಲೆಂದು ಆಂಟಿ ದಾರಿ ಹೇಳುತ್ತಿದ್ದರು, ಆಮೇಲೆ ತಾವೇ ಓಡಿಸುತ್ತ ಅವರು ನೋಡಲೆಂದು ಹೇಳುತ್ತಿದ್ದರು. ದಂಡೆಯ ಮೇಲೆ ನಡೆಯುವ ವೇಗದಲ್ಲಿ ಕಾರು ಹೋಗುತ್ತಿರುವುದು, ಒಳಗೆ ಒಂದು ದನಿ ನಿಲ್ಲದೆ ಆಡುತ್ತಿರುವುದು... ನನಗೆ ಈಗಲೂ ಹಾಗೇ ಕಣ್ಣಿಗೆ ಕಟ್ಟಿದೆ.

ಆಮೇಲೆ ನನ್ನ ಗಂಡನಿಗೆ ಡಲ್ಲಾಸ್ ಕಡೆ ಕೆಲಸವಾಗಿ ನಾವು ಮೆಕಿನ್ನಿಗೆ ಶಿಫ್ಟ್ ಆದೆವು. ಬೀಚಿನ ಮನೆ ಮಾರಿದೆವು, ಕೊಂಡವರು ಆಂಟಿಗೆ ಚಳಿಗಾಲಕ್ಕೆ ಕೊಡುತ್ತೇವೆ ಎಂದು ಒಪ್ಪಿದ್ದರು. ಒಂದು ಡಿಸೆಂಬರ್‌ನಲ್ಲಿ ಆಸ್ಟಿನ್‌ನಿಂದ ಮಗ ಫೋನ್ ಮಾಡಿದ. ದಕ್ಷಿಣಕ್ಕೆ ಹೊರಡಲು ಇನ್ನು ಸ್ವಲ್ಪ ದಿನವಿರುವಾಗ ಆಂಟಿ ನಿದ್ದೆಯಲ್ಲೇ ಹೋಗಿಬಿಟ್ಟಿದ್ದರು. ಹತ್ತಿ ಸೀರೆಗಳನ್ನು ಆಗಲೇ ಸೂಟ್‌ಕೇಸಿಗೆ ಹಾಕಿಟ್ಟಿದ್ದರಂತೆ. ಮಿನ್ನೆಸೋಟಾದಲ್ಲಿ ಆಗ ರಸ್ತೆಯೆಲ್ಲ ಹಿಮ. ನನಗೆ ಹೋಗಲಾಗಲಿಲ್ಲ.

ವಸಂತದಲ್ಲಿ ಆಸ್ಟಿನ್‌ಗೆ ಹೋಗಿ ಅಂಕಲ್‌ರನ್ನು ನೋಡಿಕೊಂಡು ಬಂದೆ. ಮಗನ ಮನೆಯಲ್ಲಿ, ಒಳ್ಳೆಯ ಬೆಳಕಿನ ಕೋಣೆಯಲ್ಲಿ ಕೂತಿದ್ದರು. ಮಾತು ಮೊದಲೇ ಕಡಿಮೆ, ಈಗ ಇನ್ನೂ ಕಡಿಮೆ. ಒಂದು ಸುತ್ತು ಡ್ರೈವ್ ಹೋಗಿಬರೋಣ ಬನ್ನಿ ಎಂದು ಕಾರಿನಲ್ಲಿ ಕೂರಿಸಿಕೊಂಡು ಹೊರಟೆ. ಸ್ವಲ್ಪ ದೂರ ಹೋದ ಮೇಲೆ, "ಏನೇನು ಕಾಣಸ್ತದ, ಹೇಳವಾ" ಅಂದರು. ನಾನು ಹೇಳುತ್ತ ಹೋದೆ. ಎಡಕ್ಕೆ ಗ್ಯಾಸ್ ಸ್ಟೇಷನ್. ಮುಂದೆ ಸಿಗ್ನಲ್, ಹಸಿರಿದೆ. ಒಂದು ಸ್ಕೂಲ್ ಬಸ್. ಬಲಕ್ಕೆ ಬ್ಯಾಂಕು. ಅವರು ಮರ್ಯಾದೆಯಿಂದ ಎಲ್ಲ ಕೇಳಿಸಿಕೊಂಡರು. ಮನೆಯ ಮುಂದೆ ನಿಲ್ಲಿಸಿದಾಗ, ಯಾರ ಮೇಲೂ ದೂರಿಲ್ಲದ ದನಿಯಲ್ಲಿ ಅಂದರು. "ಆಕಿ ಹಕ್ಕಿ ಹೇಳ್ತಿದ್ಲು."

ಅಷ್ಟು ದೂರ ಓಡಿಸಿದ್ದೆ, ದಾರಿಯಲ್ಲಿ ಒಂದು ಹಕ್ಕಿಯನ್ನೂ ನೋಡಿರಲಿಲ್ಲ. ಮತ್ತೊಮ್ಮೆ ಬಂದು ಸರಿಯಾಗಿ ಹೇಳುತ್ತೇನೆ ಅಂದುಕೊಂಡೆ. ಆ ಬೇಸಿಗೆ ದಾಟುವ ಮೊದಲೇ ಅವರೂ ಹೊರಟುಹೋದರು...

ಶನಿವಾರ ಪೂಜೆ ಮುಗಿದು ಮನೆಗೆ ಬರುವಾಗ ಮಗಳೇ ಡ್ರೈವ್ ಮಾಡಿದಳು. ನಾನು ಪಕ್ಕದಲ್ಲಿ ಕೂತೆ, ಗಂಡ ತಮ್ಮ ಕಾರಿನಲ್ಲಿ ಹಿಂದೆ ಬರುತ್ತಿದ್ದರು. ಟೈರಿಗೆ ಅಂಟಿದ್ದ ನಿಂಬೆಯ ವಾಸನೆ ಕಾರಿನೊಳಗೂ ಇತ್ತು. ದೊಡ್ಡ ಅಂಗಡಿಯ ಮುಂದಿನ ಸಿಗ್ನಲ್ಲಿನಲ್ಲಿ ಕೆಂಪು ಬಿದ್ದು ನಿಂತೆವು. ಮೇಲೆ ವೈರಿನುದ್ದಕ್ಕೂ, ಈ ಊರಿನಲ್ಲಿ ದಿನಾ ಸಂಜೆ ಸೇರುವಂತೆ, ಕಪ್ಪು ಹಕ್ಕಿಗಳು ಬಂದು ಕೂತಿದ್ದವು. ನನಗೆ ತಿಳಿಯುವ ಮೊದಲೇ ಬಾಯಿ ಹೇಳತೊಡಗಿತ್ತು. "ವೈರ್ ಮೇಲೆ ಸಾಲಾಗಿ ಹಕ್ಕಿ ಕೂತಿವೆ. ಒಂದು ಎದ್ದು ಆ ಕೊನೆಗೆ ಹೋಯ್ತು. ಇನ್ನೊಂದು ಜಾಗ ಇಲ್ಲದೆ ರೆಕ್ಕೆ ಬಡೀತಾ ಇದೆ..."

ಮಗಳು ನನ್ನ ಕಡೆ ನೋಡದೆ, ರಸ್ತೆಯ ಮೇಲೇ ಕಣ್ಣಿಟ್ಟು ಅಂದಳು. "ಅಮ್ಮ, ಐ ಕ್ಯಾನ್ ಸೀ."

ಗೊತ್ತು ಕಣೇ ಅಂದೆ. ಹಸಿರು ಬಿತ್ತು, ಕಾರು ಹೊರಟಿತು. ಹಿಂದೆ ತಿರುಗಿ, ಉಳಿದ ಹಕ್ಕಿಗಳನ್ನೂ ಒಂದೊಂದಾಗಿ ಹೇಳಿದೆ.